ಬರಲಿರುವ ಕಾದಂಬರಿಯನ್ನು ಹದಿಹರೆಯದವರಿಗೆ ಶಿಫಾರಸು ಮಾಡುವವರು ಯಾರು?

ಹೈಸ್ಕೂಲು ಮತ್ತು ಪಿಯುಸಿ ಓದುತ್ತಿರುವ ಮಕ್ಕಳಿಗೆ ಯಾವ ಕಾದಂಬರಿ ಕೊಡಬಹುದು ಎಂದು ತುಮಕೂರು ಜಿಲ್ಲೆಯ ಕನ್ನಡ ಮೇಷ್ಟ್ರುಗಳನ್ನು ಕೇಳಿದರೆ ಹೆಚ್ಚಿನವರ ಬಾಯಿಂದ ಮೊದಲು ಬರುವ ಹೆಸರು ಪೂರ್ಣಚಂದ್ರ ತೇಜಸ್ವಿಯವರದು, ಪುಸ್ತಕ ‘ಕರ್ವಾಲೊ’. ಸಲಹೆಯಲ್ಲಿ ದೋಷವೇನೂ ಇಲ್ಲ. ಆ ಪುಸ್ತಕ ಇಂದಿಗೂ ಹದಿನಾಲ್ಕರ ಹುಡುಗನನ್ನು ಹಿಡಿದು ಕೂರಿಸುತ್ತದೆ. ಆದರೆ ಅದು ಮೊದಲು ಪ್ರಕಟವಾದದ್ದು 1980ರಲ್ಲಿ. ಅದನ್ನು ಓದಿ ಮುಗಿಸಿದ ಹುಡುಗಿಯೊಬ್ಬಳು ಮರುವಾರ ಬಂದು, ‘ಮೇಡಂ, ಈ ಥರದ್ದು ಹೊಸದು ಯಾವುದು ಬರ್ತಿದೆ?’ ಎಂದು ಕೇಳಿದರೆ ಹೇಳುವುದಕ್ಕೆ ನಮ್ಮಲ್ಲಿ ಬಹಳ ಮಂದಿಯ ಬಳಿ ಏನೂ ಇರುವುದಿಲ್ಲ. ಮಕ್ಕಳು ಓದುತ್ತಿಲ್ಲ ಎಂಬ ದೂರು ಪ್ರತಿ ಸಾಹಿತ್ಯ ಸಮ್ಮೇಳನದ ಪ್ರತಿ ಗೋಷ್ಠಿಯಲ್ಲೂ ಕೇಳಿಬರುತ್ತದೆ. ಓದುವ ಮಕ್ಕಳಿಗೆ ಮುಂದಿನ ಪುಸ್ತಕದ ಸುದ್ದಿಯನ್ನು ಸಮಯಕ್ಕೆ ಸರಿಯಾಗಿ ತಲುಪಿಸುವ ದಾರಿ ನಮ್ಮಲ್ಲಿ ಇದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಈ ದಾರಿ ಇಂಗ್ಲಿಷಿನಲ್ಲಿ ಹೇಗಿದೆ ಎಂಬುದನ್ನು ಮೊದಲು ಗಮನಿಸಬೇಕು, ಏಕೆಂದರೆ ತುಮಕೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳು ಈಗಾಗಲೇ ಅದರ ಕೊನೆಯ ತುದಿಯಲ್ಲಿ ನಿಂತಿದ್ದಾರೆ. ಅಮೆರಿಕದ ಪ್ರಕಾಶಕರು ಸುಮಾರು ಹನ್ನೆರಡರಿಂದ ಹದಿನೆಂಟು ವರ್ಷದವರಿಗಾಗಿ ಬರೆದ ಕಾದಂಬರಿಗಳನ್ನು ‘ಯಂಗ್ ಅಡಲ್ಟ್’ ಎಂಬ ಬೇರೆಯದೇ ವಿಭಾಗದಲ್ಲಿ ಹೊರತರುತ್ತಾರೆ. ಅಲ್ಲಿನ ಗ್ರಂಥಾಲಯ ಸಂಘದಲ್ಲಿ ಈ ವಯಸ್ಸಿನ ಓದುಗರ ಸೇವೆಗೆಂದೇ ಒಂದು ವಿಭಾಗ 1957ರಿಂದ ಇದೆ. ಪುಸ್ತಕ ಅಂಗಡಿಗೆ ಬರುವ ಎಷ್ಟೋ ತಿಂಗಳು ಮೊದಲೇ ಅದರ ಹೆಸರು, ಮುಖಪುಟ, ಪುಟಸಂಖ್ಯೆ, ಬೆಲೆ ಮತ್ತು ಬಿಡುಗಡೆಯ ದಿನ ಗೊತ್ತಾಗುತ್ತವೆ. ‘ಹಂಗರ್ ಗೇಮ್ಸ್’ ಸರಣಿಯ ಐದನೆಯ ಕಾದಂಬರಿ ಬರಲಿದೆ ಎಂದು ಪ್ರಕಾಶಕರು ತಿಳಿಸಿದ್ದು 2024ರ ಜೂನ್‌ನಲ್ಲಿ; ಅದು ಓದುಗರ ಕೈಸೇರಿದ್ದು 2025ರ ಮಾರ್ಚ್ 18ರಂದು. ಹೀಗೆ ಹೆಸರು ಮಾಡಿದ ಸರಣಿಗೆ ಯಾರ ಶಿಫಾರಸೂ ಬೇಕಿಲ್ಲ. ಆದರೆ ಹೆಸರಿಲ್ಲದ ಹೊಸ ಲೇಖಕರ ವಿಷಯದಲ್ಲಿ, ‘ಮಾರಾಟಕ್ಕಲ್ಲ’ ಎಂದು ಅಚ್ಚು ಹಾಕಿದ ಮುಂಗಡ ಪ್ರತಿಗಳು ಗ್ರಂಥಪಾಲಕರಿಗೆ, ಶಿಕ್ಷಕರಿಗೆ, ಅಂಗಡಿಯವರಿಗೆ ಹೋಗುತ್ತವೆ, 1933ರಿಂದ ನಡೆಯುತ್ತಿರುವ ‘ಕರ್ಕಸ್’ನಂಥ ವಿಮರ್ಶಾ ಪತ್ರಿಕೆಗಳು ಬಿಡುಗಡೆಗೆ ಮುಂಚೆಯೇ ವಿಮರ್ಶೆಯನ್ನು ಪ್ರಕಟಿಸುತ್ತವೆ, ಯಾವ ವಯಸ್ಸಿನವರಿಗೆ ಹೊಂದುತ್ತದೆ ಎಂಬುದನ್ನು ಅದರಲ್ಲೇ ನಮೂದಿಸುತ್ತವೆ. ಹೀಗಾಗಿ ಅಲ್ಲಿನ ಶಾಲೆಯ ಗ್ರಂಥಪಾಲಕಿ ‘ಇದು ಬರಲಿದೆ, ನಿನಗೆ ಹಿಡಿಸಬಹುದು’ ಎಂದು ಹೇಳುವಾಗ ಆಕೆಯೋ ಆಕೆ ನಂಬುವ ಇನ್ನೊಬ್ಬರೋ ಅದನ್ನು ಓದಿರುತ್ತಾರೆ.

ತುಮಕೂರಿಗೆ ತಲುಪುವ ಹೊತ್ತಿಗೆ ಈ ವ್ಯವಸ್ಥೆಯಲ್ಲಿ ಉಳಿಯುವುದು ಪ್ರಚಾರ ಮಾತ್ರ. ಅಮೆರಿಕದ ಹದಿಹರೆಯದವರು ಟಿಕ್‌ಟಾಕ್‌ನಲ್ಲಿ ಪುಸ್ತಕಗಳ ಬಗ್ಗೆ ಮಾತನಾಡುವ ರೂಢಿ ಜೋರಾಗುವ ಹೊತ್ತಿಗೆ ಸರಿಯಾಗಿ, 2020ರ ಜೂನ್ ಕೊನೆಗೆ, ಭಾರತದಲ್ಲಿ ಆ ಆ್ಯಪ್ ನಿಷೇಧವಾಯಿತು. ಆದರೂ ಆ ಮಾತುಗಳು ಇನ್‌ಸ್ಟಾಗ್ರಾಂ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್‌ಗಳ ಮೂಲಕ ನಮ್ಮ ಮಕ್ಕಳನ್ನು ತಲುಪಿಯೇ ತಲುಪಿದವು. ಅರ್ಧ ನಿಮಿಷದ ರೀಲಿನಲ್ಲಿ ಅಳುವ ಮುಖವೊಂದು ಕಾಣಿಸುತ್ತದೆ, ಮುಖಪುಟ ಕಾಣಿಸುತ್ತದೆ, ಹಿನ್ನೆಲೆಯಲ್ಲಿ ಹಾಡು ಕೇಳಿಸುತ್ತದೆ. ಪುಸ್ತಕ ಯಾವ ವಯಸ್ಸಿನವರಿಗೆ ಎಂಬ ಮಾತು ಅಲ್ಲಿ ಬರುವುದಿಲ್ಲ. ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ 2016ರಲ್ಲಿ ವಯಸ್ಕರಿಗೆಂದು ಪ್ರಕಟವಾದ, ಮದುವೆಯೊಳಗಿನ ಹಿಂಸೆಯನ್ನು ಕುರಿತ ಕಾದಂಬರಿ. ಅದರ ಅಗ್ಗದ ನಕಲಿ ಪ್ರತಿ ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಗುತ್ತದೆ, ಮತ್ತು ಒಂಬತ್ತನೇ ತರಗತಿಯ ಹುಡುಗಿಯರ ಬ್ಯಾಗಿನಲ್ಲಿ ಅದನ್ನು ಕಾಣುವುದು ಈಗ ಅಪರೂಪವೇನಲ್ಲ. ಪುಸ್ತಕವನ್ನು ಕಿತ್ತುಕೊಳ್ಳಬೇಕು ಎಂಬ ಅಭಿಪ್ರಾಯ ನನ್ನದಲ್ಲ. ಅದನ್ನು ಅವಳಿಗೆ ಕೊಟ್ಟದ್ದು ಅವಳನ್ನು ಬಲ್ಲ ಮನುಷ್ಯರಲ್ಲ, ಯಾವುದನ್ನು ಹೆಚ್ಚು ಮಂದಿ ನೋಡುತ್ತಾರೋ ಅದನ್ನೇ ಮತ್ತೆ ಮತ್ತೆ ಮುಂದಿಡುವ ಯಂತ್ರ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

‘ಯಂಗ್ ಅಡಲ್ಟ್’ ಎಂಬ ಪಟ್ಟಿ ಅಂಟಿಸಿದ ಮಾತ್ರಕ್ಕೆ ಪುಸ್ತಕ ಹದಿಹರೆಯದವರ ಅಭಿರುಚಿಯಂತೆಯೇ ಬಂದಿದೆ ಎಂದು ನಂಬುವುದೂ ಕಷ್ಟ. ಈ ವಿಭಾಗದ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇ 55ರಷ್ಟು ಮಂದಿ ಹದಿನೆಂಟು ದಾಟಿದವರು ಎಂದು ಬೌಕರ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2012ರಲ್ಲಿಯೇ ಅಮೆರಿಕದಲ್ಲಿ ಕಂಡುಕೊಂಡಿತ್ತು. ಅವರಲ್ಲೂ ದೊಡ್ಡ ಗುಂಪು ಮೂವತ್ತರಿಂದ ನಲವತ್ನಾಲ್ಕು ವರ್ಷದವರದು. ಕೊಳ್ಳುವವರು ದೊಡ್ಡವರಾದರೆ ಬರೆಯುವವರ ಕಣ್ಣೂ ನಿಧಾನವಾಗಿ ಆ ಕಡೆಗೆ ಹೊರಳುತ್ತದೆ. ನಾಯಕಿಯ ವಯಸ್ಸು ಹದಿನಾಲ್ಕರಿಂದ ಹದಿನೇಳಕ್ಕೆ, ಹತ್ತೊಂಬತ್ತಕ್ಕೆ ಏರುತ್ತಾ ಹೋಗಿ, ಹದಿಮೂರು-ಹದಿನಾಲ್ಕರ ಓದುಗರು ಬಾಲಸಾಹಿತ್ಯಕ್ಕೂ ಸಲ್ಲದೆ ಇಲ್ಲಿಗೂ ಸಲ್ಲದೆ ಉಳಿಯುತ್ತಾರೆ ಎಂದು ಅಲ್ಲಿನ ಗ್ರಂಥಪಾಲಕರೇ ಹೇಳಿಕೊಳ್ಳುತ್ತಿದ್ದಾರೆ.

ಇನ್ನು ಕನ್ನಡಕ್ಕೆ ಬರೋಣ. ಕನ್ನಡದ ಹೊಸ ಕಾದಂಬರಿಯೊಂದು ಬರುತ್ತಿದೆ ಎಂಬ ಸುದ್ದಿ ಓದುಗರಿಗೆ ಸಾಮಾನ್ಯವಾಗಿ ಸಿಗುವುದು ಬಿಡುಗಡೆ ಸಮಾರಂಭದ ಆಹ್ವಾನ ಪತ್ರಿಕೆಯ ಮೂಲಕ, ಅದೂ ವಾರವೋ ಹತ್ತು ದಿನವೋ ಮೊದಲು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಇತ್ತೀಚೆಗೆ ಕೆಲವು ಪ್ರಕಾಶಕರು ಮುಂಗಡ ಬುಕಿಂಗ್ ತೆರೆದು, ಮುಖಪುಟವನ್ನು ಮೊದಲೇ ತೋರಿಸಿ, ರಿಯಾಯಿತಿ ದರ ಪ್ರಕಟಿಸುವ ರೂಢಿಯನ್ನು ಆರಂಭಿಸಿದ್ದಾರೆ; ಒಳ್ಳೆಯ ಬೆಳವಣಿಗೆ. ಆದರೆ ಅವು ಹೆಚ್ಚಾಗಿ ದೊಡ್ಡವರ ಕಾದಂಬರಿಗಳು, ಮತ್ತು ಆ ಪ್ರಕಟಣೆಯನ್ನು ನೋಡುವವರು ಈಗಾಗಲೇ ಪುಸ್ತಕ ಕೊಳ್ಳುವ ಅಭ್ಯಾಸವಿರುವ, ಕೈಯಲ್ಲಿ ಸ್ವಂತ ಫೋನೂ ಸ್ವಂತ ಸಂಬಳವೂ ಇರುವ ಓದುಗರು. ಹತ್ತನೇ ತರಗತಿಯ ಹುಡುಗ ಆ ಗುಂಪುಗಳಲ್ಲಿ ಇರುವುದಿಲ್ಲ.

ಹಾಗಾದರೆ ಕನ್ನಡದಲ್ಲಿ ಬಿಡುಗಡೆಗೆ ಮುಂಚೆ ಪುಸ್ತಕವನ್ನು ಓದುವವರೇ ಇಲ್ಲವೇ? ಇದ್ದಾರೆ, ಮತ್ತು ನನ್ನ ವಾದದ ಕೇಂದ್ರ ಇರುವುದೇ ಇಲ್ಲಿ. ಕನ್ನಡದಲ್ಲಿ ಮುಂಗಡ ಪ್ರತಿ ಎಂಬ ಹೆಸರಿಲ್ಲದಿದ್ದರೂ ಮುಂಗಡ ಓದುಗರು ಎಂದಿನಿಂದಲೂ ಇದ್ದಾರೆ: ಮುನ್ನುಡಿ ಬರೆಯುವವರು ಮತ್ತು ಬೆನ್ನುಡಿ ಬರೆಯುವವರು. ಕೈಬರಹದ ಪ್ರತಿಯೋ ಡಿಟಿಪಿಯ ಪ್ರೂಫೋ ಮೊದಲು ಹೋಗುವುದು ಇವರ ಮನೆಗೆ. ಹದಿಹರೆಯದವರಿಗೆಂದು ಬರೆದ ಕಾದಂಬರಿಯ ಮುನ್ನುಡಿಕಾರರು ಬಹುತೇಕ ನಿವೃತ್ತಿಯ ಆಸುಪಾಸಿನ ಪ್ರಾಧ್ಯಾಪಕರೋ ಹಿರಿಯ ಸಾಹಿತಿಗಳೋ ಆಗಿರುತ್ತಾರೆ. ಅವರು ಪ್ರೀತಿಯಿಂದಲೇ ಬರೆಯುತ್ತಾರೆ. ಭಾಷೆಯ ಸೊಗಡು, ಪರಿಸರ ಪ್ರಜ್ಞೆ, ಮೌಲ್ಯ, ಬಾಲ್ಯದ ಮುಗ್ಧತೆ ಇತ್ಯಾದಿಗಳನ್ನು ಗುರುತಿಸುತ್ತಾರೆ, ತಮ್ಮ ಬಾಲ್ಯದ ಕೆರೆಯನ್ನೂ ಒಮ್ಮೆ ನೆನೆಯುತ್ತಾರೆ. ಆದರೆ ಆ ಪುಸ್ತಕ ಯಾರಿಗಾಗಿ ಬರೆಯಲಾಯಿತೋ ಆ ವಯಸ್ಸಿನ ಒಬ್ಬನೇ ಒಬ್ಬ ಓದುಗ ಅಚ್ಚಿಗೆ ಹೋಗುವ ಮೊದಲು ಅದನ್ನು ಓದಿರುವುದಿಲ್ಲ. ನಮ್ಮಲ್ಲಿ ಶಿಫಾರಸು ಬರುವುದು ಅರವತ್ತರ ಓದುಗರಿಂದ, ಓದಬೇಕಾದವರು ಹದಿನೈದರ ಓದುಗರು.

ಈ ಅಂತರ ಎಷ್ಟು ದುಬಾರಿ ಎಂಬುದಕ್ಕೆ ಪ್ರಕಾಶನ ಲೋಕದಲ್ಲಿ ಪದೇ ಪದೇ ಹೇಳಲಾಗುವ ಒಂದು ಪ್ರಸಂಗವಿದೆ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನು ಹಲವು ಪ್ರಕಾಶಕರು ಬೇಡವೆಂದ ಮೇಲೆ ಅದರ ಹಸ್ತಪ್ರತಿ ಲಂಡನ್ನಿನ ಬ್ಲೂಮ್ಸ್‌ಬರಿ ಸಂಸ್ಥೆಗೆ ಬಂದಿತ್ತು. ಅದರ ಮುಖ್ಯಸ್ಥರು ಆರಂಭದ ಭಾಗವನ್ನು ಎಂಟು ವರ್ಷದ ತಮ್ಮ ಮಗಳ ಕೈಗೆ ಕೊಟ್ಟರು. ಅವಳು ಓದಿ ಮುಗಿಸಿ ಉಳಿದದ್ದನ್ನು ಕೊಡುವಂತೆ ಬೆನ್ನುಹತ್ತಿದಳು. 1997ರಲ್ಲಿ ಪುಸ್ತಕ ಬಂತು. ಸಂಪಾದಕರ ಅನುಭವ ಕಾಣದ್ದನ್ನು ಆ ಮಗು ಕಂಡಿತು ಎಂದು ಹೇಳಿದರೆ ಅತಿಯಾದೀತು, ಸಂಪಾದಕರಿಗೂ ಅದು ಇಷ್ಟವಾಗಿತ್ತು. ‘ಇನ್ನೂ ಇದೆಯಾ?’ ಎಂಬ ಪ್ರಶ್ನೆಯನ್ನು ಮಾತ್ರ ಆ ವಯಸ್ಸಿನ ಓದುಗರೇ ಕೇಳಬೇಕಾಗುತ್ತದೆ.

ಪ್ರಶಸ್ತಿಗಳು ಈ ಕೊರತೆಯನ್ನು ತುಂಬುತ್ತವೆ ಎಂಬ ವಾದವನ್ನೂ ಪರಿಶೀಲಿಸಬೇಕು. ಕೇಂದ್ರ ಸಾಹಿತ್ಯ ಅಕಾದೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಈ ಪುರಸ್ಕಾರ ಪಡೆದವು. ಸತತ ಮೂರು ವರ್ಷ ಕಾದಂಬರಿಗಳಿಗೇ ಪುರಸ್ಕಾರ ಬಂದದ್ದು ಕನ್ನಡದ ಮಕ್ಕಳ ಕಾದಂಬರಿ ಬರಡಾಗಿಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ಪ್ರಶಸ್ತಿ ಹಿಂದಿರುಗಿ ನೋಡುತ್ತದೆ. ಹೊಸದೇನು ಬರಲಿದೆ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿರುವುದಿಲ್ಲ. ಜತೆಗೆ ಬಾಲಸಾಹಿತ್ಯವೆಂಬ ಒಂದೇ ಸೂರಿನಡಿ ಆರನೇ ತರಗತಿಯ ಮಗುವೂ ದ್ವಿತೀಯ ಪಿಯುಸಿಯ ಯುವತಿಯೂ ಬರುವಾಗ, ಮೀಸೆ ಚಿಗುರಿದ ಹುಡುಗನಿಗೆ ‘ಇದು ಚಿಕ್ಕವರದ್ದು’ ಎಂಬ ಅನುಮಾನ ಮುಖಪುಟ ನೋಡಿದೊಡನೆಯೇ ಬರುತ್ತದೆ. ಬೆಂಗಳೂರಿನ ನೀವ್ ಸಾಹಿತ್ಯೋತ್ಸವದ ಪುಸ್ತಕ ಪ್ರಶಸ್ತಿಯಲ್ಲಿ ಹದಿಹರೆಯದವರ ಪುಸ್ತಕಗಳಿಗೆ ಬೇರೆಯದೇ ವಿಭಾಗವಿದೆ, ಆದರೆ ಅದರ ಲೋಕ ಇಂಗ್ಲಿಷ್. ಟಾಟಾ ಟ್ರಸ್ಟ್ಸ್‌ನ ಮಕ್ಕಳ ಸಾಹಿತ್ಯ ಯೋಜನೆಯಾದ ಪರಾಗ್ 2020ರಲ್ಲಿ ಆರಂಭಿಸಿದ ವಾರ್ಷಿಕ ಆಯ್ಕೆಪಟ್ಟಿಯೂ ಹಿಂದಿ ಮತ್ತು ಇಂಗ್ಲಿಷ್ ಪುಸ್ತಕಗಳಿಗಾಗಿ ಹುಟ್ಟಿದ್ದು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಪ್ರತಿ ವರ್ಷ ಇಂಥ ಚರ್ಚೆ ನಡೆಯುತ್ತದೆ, ಗುಬ್ಬಿಯ ಹೈಸ್ಕೂಲಿಗೆ ಅದು ಕೇಳಿಸುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಖಚಿತವಾಗಿ ಗುರುತಿಸಿಕೊಳ್ಳದಿದ್ದರೆ ಮುಂದಿನ ಮಾತು ದಾರಿ ತಪ್ಪುತ್ತದೆ. ‘ಈ ಕಾದಂಬರಿ ಬರಲಿದೆ’ ಎಂದು ತಿಳಿಸುವುದು ಪ್ರಕಟಣೆ. ಅದನ್ನು ಯಾರು ಬೇಕಾದರೂ ಮಾಡಬಹುದು, ಮಾಡಲಿ. ‘ಈ ಕಾದಂಬರಿ ನಿನಗೆ’ ಎಂದು ಹೇಳುವುದು ಶಿಫಾರಸು. ಅದನ್ನು ಓದದೆ ಮಾಡಲಾಗದು. ಲೇಖಕರ ಹಿಂದಿನ ಪುಸ್ತಕ ಚೆನ್ನಾಗಿತ್ತು ಎಂಬ ನಂಬಿಕೆಯ ಮೇಲೆ, ಮುಖಪುಟ ಆಕರ್ಷಕವಾಗಿದೆ ಎಂಬ ಕಾರಣಕ್ಕೆ, ಪ್ರಕಾಶಕರು ಪರಿಚಯಸ್ಥರು ಎಂಬ ದಾಕ್ಷಿಣ್ಯಕ್ಕೆ ಮಾಡುವ ಶಿಫಾರಸುಗಳು ದೊಡ್ಡವರ ಲೋಕದಲ್ಲಿ ನಡೆದುಹೋಗುತ್ತವೆ, ಏಕೆಂದರೆ ದೊಡ್ಡವರು ಕೆಟ್ಟ ಪುಸ್ತಕವನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೊಳ್ಳುತ್ತಾರೆ. ಹದಿನಾಲ್ಕರ ಓದುಗ ಹಾಗಲ್ಲ. ಅವನು ವರ್ಷಕ್ಕೆ ಎರಡೋ ಮೂರೋ ಕಾದಂಬರಿ ಓದುವವನಾದರೆ ಒಂದು ತಪ್ಪು ಶಿಫಾರಸು ಅವನ ವರ್ಷದ ಓದಿನ ಮೂರನೇ ಒಂದು ಭಾಗವನ್ನಾದರೂ ನುಂಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೇಳಿದ ಮೇಷ್ಟ್ರ ಮಾತನ್ನು ಅವನು ಮುಂದೆ ನಂಬುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸರಳವಾದದ್ದು: ಹದಿಹರೆಯದವರಿಗೆಂದು ಬರುವ ಪ್ರತಿ ಕನ್ನಡ ಕಾದಂಬರಿಯ ಪ್ರೂಫ್, ಮುನ್ನುಡಿಕಾರರಿಗೆ ಹೋಗುವ ಹೊತ್ತಿಗೇ, ಆ ವಯಸ್ಸಿನ ನಾಲ್ಕಾರು ಓದುಗರಿಗೂ ಹೋಗಬೇಕು. ಅವರಲ್ಲಿ ಅರ್ಧದಷ್ಟಾದರೂ ಬೆಂಗಳೂರಿನ ಹೊರಗಿನವರಾಗಿರಬೇಕು. ಹಾಗೆ ಓದಿದವರು ಬರೆಯಬೇಕಾದದ್ದು ವಿಮರ್ಶೆಯಲ್ಲ. ಎಷ್ಟನೇ ಪುಟದಲ್ಲಿ ಕಥೆ ಹಿಡಿಯಿತು, ಎಲ್ಲಿ ಬೇಸರವಾಯಿತು, ಯಾವ ಪಾತ್ರದ ಮಾತು ತಮ್ಮ ವಯಸ್ಸಿನವರು ಆಡುವ ಮಾತಿನಂತಿಲ್ಲ, ಯಾವ ಗೆಳತಿಗೆ ಇದನ್ನು ಕೊಡುತ್ತೀರಿ ಮತ್ತು ಯಾರಿಗೆ ಕೊಡುವುದಿಲ್ಲ ಎಂಬ ನಾಲ್ಕು ಪ್ರಶ್ನೆಗಳಿಗೆ ಅವರ ಉತ್ತರ ಸಿಕ್ಕರೆ ಸಾಕು. ಮೂರನೆಯ ಪ್ರಶ್ನೆ ಲೇಖಕರಿಗೆ ಸ್ವಲ್ಪ ಕಹಿಯಾಗಬಹುದು. ಹತ್ತನೇ ತರಗತಿಯ ಹುಡುಗರು ಪರಸ್ಪರ ‘ಗೆಳೆಯಾ, ನೀನು ಎಲ್ಲಿಗೆ ಹೊರಟಿರುವೆ?’ ಎಂದು ಕೇಳಿಕೊಳ್ಳುವ ಕಾದಂಬರಿಗಳು ಈಗಲೂ ಬರುತ್ತಿವೆ; ಶಿರಾ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಅವರು ಹೇಗೆ ಮಾತನಾಡುತ್ತಾರೆಂಬುದು ಕಿವಿಗೆ ಬೀಳುತ್ತದೆ.

ತುಮಕೂರು ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ಮಾತಿಗೆ ಇನ್ನೂ ಕೆಲವು ಆಯಾಮಗಳಿವೆ. ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಅಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲೂ ಇದೇ ಸ್ಥಿತಿ. ಕರಾವಳಿಯ ಅಥವಾ ಧಾರವಾಡ ಸೀಮೆಯ ಆಡುನುಡಿಯಲ್ಲಿ ಬರೆದ ಕಾದಂಬರಿ ಅವರಿಗೆ ಕಷ್ಟವೆಂದು ಮೊದಲೇ ತೀರ್ಮಾನಿಸುವುದು ತಪ್ಪು. ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳಿಗೆ ಅಪರಿಚಿತ ಮಾತನ್ನು ಸಂದರ್ಭದಿಂದ ಊಹಿಸುವ ಅಭ್ಯಾಸ ಒಂದೇ ಭಾಷೆಯ ಮಕ್ಕಳಿಗಿಂತ ಹೆಚ್ಚಿರುತ್ತದೆ. ಆದರೆ ಮೊದಲ ಅಧ್ಯಾಯದಲ್ಲಿಯೇ ಸಾಲಿಗೊಂದು ಗೊತ್ತಿಲ್ಲದ ಶಬ್ದ ಬಂದರೆ ಯಾರೂ ಮುಂದೆ ಹೋಗುವುದಿಲ್ಲ, ಮತ್ತು ಅದು ಎಲ್ಲಿ ಎಡವುತ್ತದೆ ಎಂಬುದನ್ನು ಪಾವಗಡದ ಹುಡುಗಿಯೇ ಹೇಳಬಲ್ಲಳು, ಬಸವನಗುಡಿಯ ಸಂಪಾದಕರಲ್ಲ. ಇನ್ನೊಂದು, ವಿದ್ಯಾರ್ಥಿನಿಲಯಗಳ ಸಂಗತಿ. ಸಿದ್ಧಗಂಗಾ ಮಠ ಒಂದರಲ್ಲಿಯೇ ಸುಮಾರು 10 ಸಾವಿರ ಮಕ್ಕಳು ಊಟ, ವಸತಿ ಪಡೆದು ಓದುತ್ತಾರೆ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ತಾಲ್ಲೂಕುಗಳಲ್ಲೆಲ್ಲ ಇವೆ. ಹಾಸ್ಟೆಲಿನ ಮಕ್ಕಳ ಕೈಗೆ ಫೋನು ಸಿಗುವುದು ಅಪರೂಪ, ಆದ್ದರಿಂದ ರೀಲ್ಸ್‌ಗಳ ಶಿಫಾರಸು ಅವರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಲ್ಲಿ ಪುಸ್ತಕ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುತ್ತದೆ. ಬಿಡುಗಡೆಗೆ ಮುಂಚಿನ ಪ್ರತಿಯೊಂದು ಅಂಥ ಕಡೆಗೆ ಹೋದರೆ ಒಂದು ಪ್ರತಿಗೆ ಹತ್ತು ಓದುಗರ ಅಭಿಪ್ರಾಯ ಸಿಗುತ್ತದೆ, ಅದೂ ಖರ್ಚಿಲ್ಲದೆ.

ಓದಿದವರು ಬರೆದುಕೊಡುವ ಚೀಟಿ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿಯನ್ನು ಕಲ್ಪಿಸಿಕೊಳ್ಳಬಹುದು: ‘ಜೂನ್‌ನಲ್ಲಿ ಬರುತ್ತದೆ. 140 ಪುಟ. ಮೊದಲ ಇಪ್ಪತ್ತು ಪುಟ ನಿಧಾನ, ಆಮೇಲೆ ಬಿಡಲಾಗುವುದಿಲ್ಲ. ನಡುವೆ ಅಪ್ಪ ಸಾಯುತ್ತಾನೆ. ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಸ್ವಲ್ಪ ದಿನ ಬಿಟ್ಟು ಓದಿ. ಪ್ರೀತಿಯ ವಿಷಯ ಇದೆ, ಆದರೆ ಅಮ್ಮ ನೋಡಿದರೂ ಪರವಾಗಿಲ್ಲ. ಕ್ರಿಕೆಟ್ ಗೊತ್ತಿಲ್ಲದವರಿಗೆ ಆರನೇ ಅಧ್ಯಾಯ ಅರ್ಥವಾಗುವುದಿಲ್ಲ.’ ಇಂಥ ಏಳು ವಾಕ್ಯಗಳು ಮೂರು ಪುಟದ ಮುನ್ನುಡಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಸಾವು, ಜಾತಿಯ ಅವಮಾನ, ದೇಹದ ಬದಲಾವಣೆ, ಆತ್ಮಹತ್ಯೆಯ ಯೋಚನೆ ಮುಂತಾದವು ಕಾದಂಬರಿಯಲ್ಲಿ ಇವೆಯೇ ಎಂಬುದನ್ನು ಮುಚ್ಚಿಡದೆ ತಿಳಿಸುವುದು ಇದರ ಮುಖ್ಯ ಭಾಗ. ತಿಳಿಸಿದರೆ ತಂದೆತಾಯಿಗಳು ಪುಸ್ತಕವನ್ನು ತಡೆಯುತ್ತಾರೆ ಎಂಬ ಅಳುಕು ಲೇಖಕರಿಗಿದೆ. ನನಗೆ ಕಂಡಮಟ್ಟಿಗೆ ತಡೆಯುವವರು ಹೇಳಿದ್ದರಿಂದ ತಡೆಯುವುದಿಲ್ಲ. ಹೇಳದೆ ಕೊಟ್ಟು ಆಮೇಲೆ ನಡುಪುಟದಲ್ಲಿ ಅವರೇ ಕಂಡಾಗ ರಂಪವಾಗುತ್ತದೆ, ಮತ್ತು ಆ ರಂಪ ಆ ಒಂದು ಪುಸ್ತಕಕ್ಕೆ ನಿಲ್ಲದೆ ಶಾಲೆಯ ಗ್ರಂಥಾಲಯದ ಬೀಗದವರೆಗೂ ಹೋಗುತ್ತದೆ.

ಶಿಫಾರಸು ಸರಿಯಾಗಿಯೇ ಆಯಿತು ಎಂದುಕೊಳ್ಳೋಣ; ಪುಸ್ತಕ ಸಿಗುವುದೆಲ್ಲಿ? ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ನಾನು ನೋಡಿದ ಕಬ್ಬಿಣದ ಬೀರುವಿನ ಮೇಲಿನ ಎರಡು ಸಾಲುಗಳಲ್ಲಿ ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗಳ ಗೈಡುಗಳಿದ್ದವು, ಅಂಚು ಸವೆದು ಹೊಲಿಗೆ ಬಿಟ್ಟಿದ್ದವು. ಕೆಳಗಿನ ಸಾಲಿನಲ್ಲಿ ಪುಟ್ಟ ಮಕ್ಕಳ ಬಣ್ಣದ ಚಿತ್ರಪುಸ್ತಕಗಳು, ಅವೂ ಚೆನ್ನಾಗಿಯೇ ಬಳಕೆಯಾಗಿದ್ದವು. ನಡುವಿನ ಸಾಲಿನಲ್ಲಿ ದಪ್ಪ ರಟ್ಟಿನ ಸಮಗ್ರ ಸಂಪುಟಗಳು, ಪರಿಗ್ರಹಣ ಸಂಖ್ಯೆಯ ಮೊಹರು ಬಿಟ್ಟರೆ ಯಾರ ಕೈಯೂ ತಾಗಿದ ಗುರುತಿಲ್ಲ. ಹದಿನೈದು ವರ್ಷದ ಹುಡುಗಿ ಕೈಚಾಚಬಹುದಾದ ಪುಸ್ತಕ ಆ ಬೀರುವಿನಲ್ಲಿ ಇರಲಿಲ್ಲ. ಮೇಲ್ವಿಚಾರಕರು ಅದನ್ನು ತಾವಾಗಿಯೇ ಒಪ್ಪಿಕೊಂಡು, ‘ಅಂಥದ್ದು ಯಾವುದು ಅಂತ ಹೇಳಿ ಸಾರ್, ಬರೆದುಕೊಳ್ತೀನಿ’ ಎಂದು ಪೆನ್ನು ತೆಗೆದರು.

ಅವರ ಪೆನ್ನಿಗೆ ಬೆಲೆಯಿದೆ, ಏಕೆಂದರೆ ವ್ಯವಸ್ಥೆಯ ಚೌಕಟ್ಟು ನಮ್ಮ ರಾಜ್ಯದಲ್ಲಿ ಇಲ್ಲವೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಸದಸ್ಯತ್ವದ ವಯೋಮಿತಿಯಲ್ಲಿ ಹದಿಹರೆಯ ಸೇರಿದೆ, ಬೀರುವಿನಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ ಕಣ್ಣಿಟ್ಟು ಪ್ರಕಾಶಕರು ಪುಸ್ತಕ ಅಚ್ಚು ಹಾಕುತ್ತಾರೆ. ಆ ಖರೀದಿ ವರ್ಷಗಟ್ಟಲೆ ತಡವಾಗುತ್ತಿದೆ ಎಂಬ ದೂರು ಪ್ರಕಾಶಕರಿಂದ ನಿರಂತರವಾಗಿ ಬರುತ್ತಿದೆ. ಇಂದು ಹದಿನೈದು ವರ್ಷದವಳಿಗೆ ಶಿಫಾರಸಾದ ಕಾದಂಬರಿ ಆ ದಾರಿಯಲ್ಲಿ ಅವಳ ಊರಿಗೆ ಬರುವಷ್ಟರಲ್ಲಿ ಅವಳು ಪದವಿ ತರಗತಿಯಲ್ಲಿರುತ್ತಾಳೆ.

ಶಾಲೆಗಳ ಹಣ ಇದಕ್ಕಿಂತ ಬೇಗ ಓಡುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ಅವುಗಳ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿಯವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಕನ್ನಡ ಪುಸ್ತಕದ ಬೆಲೆ ಈಗ ಪುಟಕ್ಕೆ ಒಂದು ರೂಪಾಯಿಯನ್ನು ದಾಟಿದೆ. 180 ರೂಪಾಯಿಯ ಕಾದಂಬರಿ ಎಂದು ಲೆಕ್ಕ ಹಿಡಿದರೆ 10,000 ರೂಪಾಯಿಗೆ ಸುಮಾರು 55 ಪ್ರತಿ ಬರುತ್ತವೆ. ಆ ಹಣದಲ್ಲಿ ಕಾಲು ಭಾಗ ಹದಿಹರೆಯದವರ ಹೊಸ ಕಾದಂಬರಿಗೆ ಹೋದರೂ ಒಂದು ಹೈಸ್ಕೂಲಿಗೆ ವರ್ಷಕ್ಕೆ ಹದಿಮೂರು ಪುಸ್ತಕ. ಮಧುಗಿರಿ ಬೇರೆಯೇ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ತುಮಕೂರು ಜಿಲ್ಲೆಯಲ್ಲಿ ಇಬ್ಬರು ಉಪನಿರ್ದೇಶಕರ ಕಚೇರಿಗಳಿವೆ. ಎರಡೂ ಕಡೆ ಮುಖ್ಯ ಶಿಕ್ಷಕರ ಸಭೆಗಳು ಹೇಗೂ ನಡೆಯುತ್ತವೆ, ಒಂದು ಪುಟದ ಪಟ್ಟಿ ಹಂಚುವುದಕ್ಕೆ ಹೊಸ ಯೋಜನೆಯೇನೂ ಬೇಡ.

ಈ ಸಲಹೆಗೆ ಪ್ರಕಾಶಕರ ಕಡೆಯಿಂದ ಬರುವ ಮೊದಲ ಆಕ್ಷೇಪ ಪಿಡಿಎಫ್‌ನದು: ಪ್ರೂಫ್ ಒಮ್ಮೆ ಕೈಬಿಟ್ಟರೆ ಬಿಡುಗಡೆಗೆ ಮುಂಚೆಯೇ ಟೆಲಿಗ್ರಾಂನಲ್ಲಿ ತೇಲುತ್ತದೆ. ಈ ಭಯ ನಿರಾಧಾರವಲ್ಲ. ಆದರೆ ಜೆರಾಕ್ಸ್ ಮಾಡಿ ಸ್ಪೈರಲ್ ಬೈಂಡಿಂಗ್ ಹಾಕಿದ ಪ್ರತಿಗೆ ಇನ್ನೂರು ಮುನ್ನೂರು ರೂಪಾಯಿಯಾಗುತ್ತದೆ; ಬಿಡುಗಡೆ ಸಮಾರಂಭದ ಹಾರ-ಶಾಲುಗಳ ಖರ್ಚಿನಲ್ಲಿ ಐದಾರು ಪ್ರತಿ ಕಳುಹಿಸಬಹುದು. ಎರಡನೆಯ ಆಕ್ಷೇಪ ತಂದೆತಾಯಿಗಳದ್ದು. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಆಮೇಲೆ ಸಿಇಟಿ, ನೀಟ್. ಕಾದಂಬರಿಗೆ ಪುರುಸೊತ್ತೆಲ್ಲಿ ಎನ್ನುತ್ತಾರೆ. ಅದೇ ಮನೆಯ ಮಗ ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡುವುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ, ಆದ್ದರಿಂದ ಈ ಆಕ್ಷೇಪದ ಮೇಲೆ ಹೆಚ್ಚು ಮಾತು ಬೇಡ.

ಲೇಖಕರ ಕೊರತೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ತಿಪಟೂರಿನ ತೆಂಗಿನ ತೋಟದ ಮನೆಯಿಂದ ಬೆಂಗಳೂರಿನ ಕೋಚಿಂಗ್ ಹಾಸ್ಟೆಲಿಗೆ ಹೋದ ಹುಡುಗ, ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಅಮ್ಮ, ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ಮೇಲೆ ಕೆಲಸವಿಲ್ಲದೆ ಕೂತ ಅಪ್ಪ ಕನ್ನಡದ ಹದಿಹರೆಯದ ಕಾದಂಬರಿಗಳಲ್ಲಿ ಬಹಳ ಕಡಿಮೆ. ನಮ್ಮ ಮಕ್ಕಳ ಕಾದಂಬರಿಗಳಲ್ಲಿ ಕಾಡು, ಅಜ್ಜಿಯ ಮನೆ, ಹೊಳೆ, ಹಕ್ಕಿಗಳು ಹೇರಳವಾಗಿವೆ. ಬಯಲುಸೀಮೆಯ ಪಿಯು ಕಾಲೇಜು, ಖಾಸಗಿ ಬಸ್ಸಿನ ಫುಟ್‌ಬೋರ್ಡ್, ಮೊದಲ ಸ್ಮಾರ್ಟ್‌ಫೋನು ಇಲ್ಲ. ಪ್ರೂಫ್ ಓದುವ ಹದಿಹರೆಯದವರ ಚೀಟಿಗಳು ನಾಲ್ಕೈದು ವರ್ಷ ಪ್ರಕಾಶಕರ ಮೇಜಿನ ಮೇಲೆ ಸೇರುತ್ತಾ ಹೋದರೆ, ಈ ಕೊರತೆಯ ದೂರು ವೇದಿಕೆಯಿಂದಲ್ಲದೆ ಓದುಗರಿಂದಲೇ ಬರುತ್ತದೆ, ಮತ್ತು ಅದನ್ನು ಅಲಕ್ಷಿಸುವುದು ವ್ಯಾಪಾರದ ದೃಷ್ಟಿಯಿಂದಲೂ ಕಷ್ಟವಾಗುತ್ತದೆ.

ಕೊನೆಯದಾಗಿ ಕಾಲದ ಲೆಕ್ಕ. ಕನ್ನಡದ ಹೊಸ ಪುಸ್ತಕಗಳ ಬಿಡುಗಡೆ ನವೆಂಬರಿನ ರಾಜ್ಯೋತ್ಸವದಿಂದ ಬೇಸಿಗೆಯವರೆಗೆ ದಟ್ಟವಾಗಿರುತ್ತದೆ. ಶಾಲೆಗಳು ಅನುದಾನ ಖರ್ಚು ಮಾಡುವುದು ಆರ್ಥಿಕ ವರ್ಷದ ಕೊನೆಯಲ್ಲಿ, ಫೆಬ್ರುವರಿ-ಮಾರ್ಚ್‌ನ ಅವಸರದಲ್ಲಿ. ಆಗ ವ್ಯಾನಿನಲ್ಲಿ ಪುಸ್ತಕ ತರುವ ವ್ಯಾಪಾರಿಯ ಬಳಿ ಏನಿದೆಯೋ ಅದಕ್ಕೆ ಬಿಲ್ಲಾಗುತ್ತದೆ. ಮಕ್ಕಳಿಗೆ ಬಿಡುವು ಸಿಗುವುದು ಏಪ್ರಿಲ್-ಮೇನಲ್ಲಿ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಪ್ರೂಫ್‌ಗಳು ದಸರಾ ರಜೆಯಲ್ಲಿ ಹದಿಹರೆಯದ ಓದುಗರ ಕೈಗೆ ಹೋಗಬೇಕು, ಅವರ ಚೀಟಿಗಳು ಡಿಸೆಂಬರಿನೊಳಗೆ ಹಿಂದಿರುಗಬೇಕು, ಹೆಸರು, ಬೆಲೆ, ಸಿಗುವ ಸ್ಥಳ ಮತ್ತು ಎರಡು ಸಾಲಿನ ಅಭಿಪ್ರಾಯವಿರುವ ಪಟ್ಟಿ ಜನವರಿಯಲ್ಲಿ ಮುಖ್ಯ ಶಿಕ್ಷಕರನ್ನೂ ಅರಿವು ಕೇಂದ್ರಗಳ ಮೇಲ್ವಿಚಾರಕರನ್ನೂ ತಲುಪಬೇಕು. ಫೆಬ್ರುವರಿ ದಾಟಿ ಬಂದ ಪಟ್ಟಿಗೆ ಆ ವರ್ಷದ ಹಣ ಸಿಗುವುದಿಲ್ಲ.